ಪಟ್ಟಣ ಪಂಚಾಯಿತಿಯ ಜಾಗದಲ್ಲಿರುವ ಬೂದಿದಿಬ್ಬವನ್ನು ಪುರಾತತ್ವಜ್ಞರು ಉಳಿಸಬಲ್ಲರೇ?

ನಿಮ್ಮ ಊರಿನ ಪಟ್ಟಣ ಪಂಚಾಯಿತಿಯು ಬೂದಿದಿಬ್ಬ (ನವಶಿಲಾಯುಗದ ಜನರು ಸಗಣಿ ಸುಟ್ಟದ್ದರಿಂದ ಬೆಳೆದ ಬೂದಿಯ ಗುಡ್ಡೆ) ಇರುವ ತನ್ನ ಜಾಗವನ್ನು ಕಸ ವಿಲೇವಾರಿ ಘಟಕಕ್ಕೆ ಗೊತ್ತುಮಾಡಿದೆ ಎಂದು ಬರೆದಿದ್ದೀರಿ. ಅದನ್ನು ತಡೆಯುವ ಅಧಿಕಾರ ಪುರಾತತ್ವಜ್ಞರಿಗೆ ಇದೆಯೇ, ಪದವಿಯ ನಂತರ ಆ ವೃತ್ತಿಗೆ ಬರುವುದು ಯೋಗ್ಯವೇ ಎಂದೂ ಕೇಳಿದ್ದೀರಿ. ಸುರಪುರ ಮತ್ತು ಬಳ್ಳಾರಿ ಕಡೆ ಕ್ಷೇತ್ರಕಾರ್ಯ ಮಾಡಿದವನಾಗಿ ಉತ್ತರಿಸುತ್ತಿದ್ದೇನೆ.

ಪುರಾತತ್ವಜ್ಞರಿಗೆ ಅಂಥ ಅಧಿಕಾರವಿಲ್ಲ. ಪ್ರಾಚೀನ ಸ್ಮಾರಕಗಳನ್ನು ಕುರಿತ 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಆದರೆ ಇದು ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ನೆಲೆಗಳಿಗೆ ಮಾತ್ರ. ರಾಜ್ಯದ 1961ರ ಕಾಯ್ದೆಯ ರಕ್ಷಣೆಯೂ ಘೋಷಣೆಯನ್ನೇ ಅವಲಂಬಿಸಿದೆ. ಘೋಷಣೆಯಾಗದ ದಿಬ್ಬವು ಪಹಣಿಯಲ್ಲಿ ಒಂದು ಸರ್ವೆ ನಂಬರ್ ಮಾತ್ರ.

ಹಾಗಾದರೆ ಪುರಾತತ್ವಜ್ಞರು ಮಾಡುವುದೇನು ಎಂಬುದಕ್ಕೆ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯನವರ ವೃತ್ತಿಜೀವನವನ್ನು ನೋಡಬೇಕೆಂದು ನಾನು ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. 1960ರ ದಶಕದಲ್ಲಿ ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಸುರಪುರ ದೋಆಬಿನ ನವಶಿಲಾಯುಗದ ಸಂಶೋಧನೆಗೆಂದು ಬಂದವರು, ಮುಂದೆ ದಶಕಗಳ ಕಾಲ ಹುಣಸಗಿ ಮತ್ತು ಬೈಚಬಾಳ ಕಣಿವೆಗಳ ಹೊಲ, ಹಳ್ಳ, ಕಾಲುವೆದಂಡೆಗಳನ್ನು ಕಾಲ್ನಡಿಗೆಯಲ್ಲಿ ಶೋಧಿಸಿದರು. ಅವರು ಇಸಾಂಪುರದಲ್ಲಿ ಉತ್ಖನನ ಮಾಡಿದ್ದು ಆದಿಮಾನವರು ಸುಣ್ಣಕಲ್ಲಿನ ಬಂಡೆಗಳಿಂದ ಕೈಗೊಡಲಿಗಳನ್ನು ಮಾಡುತ್ತಿದ್ದ ಜಾಗ. ಅಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳ ಪರೀಕ್ಷೆಯು ಅದರ ಪ್ರಾಚೀನತೆಯನ್ನು ಸುಮಾರು 12 ಲಕ್ಷ ವರ್ಷಗಳೆಂದು ಸೂಚಿಸಿತು. ನಿಮಗೆ ಹೆಚ್ಚು ಸಂಬಂಧಿಸಿದ್ದು ಅವರು ಉತ್ಖನನ ಮಾಡಿದ ಇನ್ನೊಂದು ನೆಲೆ, ಬೂದಿದಿಬ್ಬವಿರುವ ಬೂದಿಹಾಳ. ಬೂದಿದಿಬ್ಬವು ನವಶಿಲಾಯುಗದ ಪಶುಪಾಲಕರು ಸಗಣಿಯನ್ನು ಕೂಡಿಹಾಕಿ ಮತ್ತೆ ಮತ್ತೆ ಸುಟ್ಟದ್ದರಿಂದ ಬೆಳೆದದ್ದೆಂದು ಬ್ರಿಟಿಷ್ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನ ಉತ್ಖನನದಿಂದ ಆಗಲೇ ತೋರಿಸಿದ್ದರು. ಬೂದಿಹಾಳದಲ್ಲಿ ಪದ್ದಯ್ಯನವರು ದಿಬ್ಬಕ್ಕೆ ಸೀಮಿತವಾಗದೆ ಅದರ ಸುತ್ತಲಿನ ನೆಲವನ್ನೂ ವಿಸ್ತಾರವಾಗಿ ತೆರೆದದ್ದರಿಂದ ದನದ ದೊಡ್ಡಿ, ಮನೆಗಳ ನೆಲೆ, ಚಕಮಕಿ ಕಲ್ಲಿನ ಉಪಕರಣ ತಯಾರಿಸುವ ಜಾಗ ಮತ್ತು ದನಗಳನ್ನು ಕಡಿದು ಮಾಂಸ ಹಂಚುತ್ತಿದ್ದ ನೆಲ, ಹೀಗೆ ಒಂದು ಇಡೀ ಊರೇ ಕಾಣಿಸಿತು. ದಿಬ್ಬವನ್ನು ಉಳಿಸಿ ಸುತ್ತಲಿನ ಎಕರೆಗಳಲ್ಲಿ ಗುಂಡಿ ತೋಡಿದರೂ ನಷ್ಟ ಅಷ್ಟೇ ದೊಡ್ಡದೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಬೂದಿಯನ್ನು ಗೊಬ್ಬರಕ್ಕೆಂದು ಹೊಲಗಳಿಗೆ ಸಾಗಿಸಿದ್ದರಿಂದ ಎಷ್ಟೋ ದಿಬ್ಬಗಳು ಈಗಾಗಲೇ ಕರಗಿಹೋಗಿವೆ. ರೈತರನ್ನು ದೂರುವುದು ನನಗೆ ಸರಿಯೆನಿಸುವುದಿಲ್ಲ. ಆ ಬೂದಿ ಏನೆಂದು ಅವರಿಗೆ ಹೇಳಿದವರು ಕಡಿಮೆ.

ನಿಮ್ಮ ಸಂದರ್ಭದಲ್ಲಿ ಒಂದು ಅನುಕೂಲವಿದೆ. ಜಾಗವು ಪಂಚಾಯಿತಿಯದೇ ಆಗಿರುವುದರಿಂದ, ಖಾಸಗಿ ಜಮೀನಿಗೆ ಬರುವ ಪರಿಹಾರದ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಸರ್ವೆ ನಂಬರ್, ಪಹಣಿ, ಗ್ರಾಮನಕ್ಷೆ ಮತ್ತು ಅಳತೆಪಟ್ಟಿ ಇಟ್ಟು ತೆಗೆದ ಚಿತ್ರಗಳೊಂದಿಗೆ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಮನವಿ ಸಲ್ಲಿಸಿ, ಅದರ ಪ್ರತಿಯನ್ನು ತಹಶೀಲ್ದಾರರಿಗೂ ಮುಖ್ಯಾಧಿಕಾರಿಗೂ ಕೊಡಿ. ಘಟಕ ಬೇಡವೆಂದು ವಾದಿಸಬೇಡಿ. ಊರಿಗೆ ಅದು ಬೇಕೇ ಬೇಕು. ಬೇರೆ ಸರ್ಕಾರಿ ಜಾಗವೊಂದನ್ನು ಗುರುತಿಸಿಕೊಂಡು ಹೋಗಿ, ಸಾಮಾನ್ಯ ಸಭೆಯಲ್ಲಿ ಸ್ಥಳ ಬದಲಾವಣೆಯ ಠರಾವಿಗಾಗಿ ಸದಸ್ಯರನ್ನು ಕೇಳಿಕೊಳ್ಳಿ. ಮಡಕೆ ಚೂರುಗಳನ್ನು ಆರಿಸಿ ಮನೆಗೆ ತರಬೇಡಿ, ಬಿದ್ದಲ್ಲಿಯೇ ಇದ್ದರೆ ಮಾತ್ರ ಅವು ಸಾಕ್ಷ್ಯವಾಗುತ್ತವೆ.

ವೃತ್ತಿಯ ವಿಷಯದಲ್ಲಿ, ಇತಿಹಾಸ ಅಥವಾ ಪುರಾತತ್ವದಲ್ಲಿ ಸ್ನಾತಕೋತ್ತರ ಪದವಿ ಪಡೆದು, ನಂತರ ಕೇಂದ್ರ ಪುರಾತತ್ವ ಇಲಾಖೆಯ ಗ್ರೇಟರ್ ನೋಯ್ಡಾದ ಸಂಸ್ಥೆಯ ಡಿಪ್ಲೊಮಾಗೆ ಪ್ರಯತ್ನಿಸಬಹುದು. ಕಾಯಂ ಹುದ್ದೆಗಳು ವಿರಳ, ಕಾಯುವ ವರ್ಷಗಳು ದೀರ್ಘ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿ. ಆದರೂ ನಾನು ಬನ್ನಿ ಎಂದೇ ಹೇಳುತ್ತೇನೆ, ಏಕೆಂದರೆ ಪಹಣಿ ಓದಲು ಬಲ್ಲ, ಪಂಚಾಯಿತಿ ಸದಸ್ಯರೊಡನೆ ಅವರದೇ ಮಾತಿನಲ್ಲಿ ಮಾತಾಡಬಲ್ಲ ಸ್ಥಳೀಯರ ಕೊರತೆ ನಮ್ಮ ಕ್ಷೇತ್ರಕಾರ್ಯದಲ್ಲಿ ಬಹಳವಾಗಿದೆ.