ಭುಜ್ ಭೂಕಂಪ 6.9 ಅಥವಾ 7.7: ಮಗಳ ಶಾಲಾ ಪ್ರಾಜೆಕ್ಟ್‌ಗೆ ಯಾವುದನ್ನು ಬರೆಯಬೇಕು?

ಮಗಳು ಭೂಕಂಪ, ಜ್ವಾಲಾಮುಖಿಗಳ ಅಪಾಯದ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದಾಳೆ, ಭೂಕಂಪಗಳ ಪಟ್ಟಿಯಲ್ಲಿ ಭುಜ್‌ಗೆ ಎರಡು ಅಂಕಿ ಸಿಗುತ್ತಿವೆ ಅಂತ ಕೇಳಿದ್ದೀರಿ. ಬಹುಶಃ ಎರಡೂ ಬೇರೆ ಬೇರೆ ಅಳತೆ, ಅದಕ್ಕೇ ಈ ಗೊಂದಲ. 2001ರ ಜನವರಿ 26ರ ಭುಜ್ ಭೂಕಂಪಕ್ಕೆ 6.9 ಅಂದಿದ್ದು ನಮ್ಮ ಹವಾಮಾನ ಇಲಾಖೆ. 7.7 ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ಕೊಡುವ ಮೊಮೆಂಟ್ ಮ್ಯಾಗ್ನಿಟ್ಯೂಡ್, ಅಂದರೆ ಭೂಕಂಪದ ಗಾತ್ರ ಹೇಳುವ ಒಂದು ಅಳತೆ. ಅದರಲ್ಲಿ ಬಿರುಕು ಎಷ್ಟು ಅಗಲಕ್ಕೆ ಹರಡಿತು, ಬಂಡೆ ಎಷ್ಟು ಜಾರಿತು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಭೂಕಂಪಗಳಿಗೆ ಇದೇ ಸರಿ, 7.7 ಬರೆಸಿ.

ಮೊದಲು ಪಟ್ಟಿಯ ಅಂಕಿಗಳನ್ನೆಲ್ಲ ಯುಎಸ್‌ಜಿಎಸ್ ಒಂದರಿಂದಲೇ ತೆಗೆದುಕೊಳ್ಳಿ. ಅವರ ಸೈಟಿನಲ್ಲಿ ತಾರೀಖು, ಜಾಗ ಕೊಟ್ಟು ಹುಡುಕಬಹುದು.

ಆಮೇಲೆ ಸಾವಿನ ಸಂಖ್ಯೆಗೆ ಒಂದು ಕಾಲಂ ಸೇರಿಸಿ. ಪ್ರಾಜೆಕ್ಟ್ ಅಪಾಯದ ಬಗ್ಗೆ ಅಲ್ವಾ? ಅದಕ್ಕೆ ಮ್ಯಾಗ್ನಿಟ್ಯೂಡ್ ಒಂದೇ ಸಾಲದು. 1993ರ ಸೆಪ್ಟೆಂಬರ್ 30ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ಬರೀ 6.2, ಆದರೂ ಸತ್ತವರು ಹತ್ತಿರ ಹತ್ತಿರ 10,000. ಕಂಪನ ಹುಟ್ಟಿದ್ದು ಜಾಸ್ತಿ ಆಳದಲ್ಲಲ್ಲ. ಮನೆಗಳು ಮಣ್ಣು ಮೆತ್ತಿದ ದಪ್ಪ ಕಲ್ಲುಗೋಡೆಯವು. ನಸುಕಿನ ನಾಲ್ಕರ ಹೊತ್ತು, ಜನ ಒಳಗೆ ಮಲಗಿದ್ದರು. ಇಷ್ಟನ್ನು ಮಗಳು ಸ್ವಂತ ಮಾತಲ್ಲಿ ಬರೆದರೆ ಬಣ್ಣದ ಚಾರ್ಟಿಗಿಂತ ತೂಕ ಬರುತ್ತದೆ.

ಜ್ವಾಲಾಮುಖಿಗೆ ಅಂಡಮಾನಿನ ಬ್ಯಾರನ್ ದ್ವೀಪ ಸಾಕು. 1991ರಲ್ಲಿ ಅದು ಮತ್ತೆ ಎದ್ದಿತು. ವಿವರ ಸ್ಮಿತ್‌ಸೋನಿಯನ್ ಸಂಸ್ಥೆಯ ಜ್ವಾಲಾಮುಖಿ ಪುಟದಲ್ಲಿದೆ.

ಲಾಲ್‌ಬಾಗ್ ಬಂಡೆಯ ಫೋಟೋ ಅಂಟಿಸುತ್ತೇವೆ ಅಂದಿದ್ದೀರಿ. ಅಂಟಿಸಿ, ಆದರೆ ಕೆಳಗೆ ಲಾವಾ ಅಂತ ಬರೆಯಬೇಡಿ. ಅದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ, ಅಂದರೆ ಭೂಮಿಯ ಒಳಗೆ ಶಾಖ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಕಲ್ಲು. ವಿವರ ಬೇಕಿದ್ದರೆ ಅಲ್ಲೇ ಭೂವೈಜ್ಞಾನಿಕ ಸರ್ವೇಕ್ಷಣೆಯವರ ಫಲಕ ಇದೆ, ನೋಡಿ.