ವಾರ್ಡಿಗೆ ಬೇಕಾದ ಇಂಗ್ಲಿಷ್

ಪ್ರಶ್ನೆ: ಕನ್ನಡ ಮಾಧ್ಯಮದಿಂದ ಬಂದ ನರ್ಸಿಂಗ್ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುತ್ತೇನೆ. ವ್ಯಾಕರಣದಲ್ಲಿ ಒಳ್ಳೆಯ ಅಂಕ ಬರುತ್ತದೆ, ಆದರೆ ವಾರ್ಡಿನಲ್ಲಿ ಪಾಳಿ ಬದಲಾಗುವಾಗ ರೋಗಿಯ ವಿವರ ಒಪ್ಪಿಸಲು ತಡವರಿಸುತ್ತಾರೆ. 40 ಗಂಟೆ ಮಾತ್ರ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಪಠ್ಯಪುಸ್ತಕದಿಂದಂತೂ ಬೇಡ. ಮೊದಲು ಅನುಮತಿ ಪಡೆದು ಬೆಳಗಿನ ಒಂದು ಪಾಳಿ, ರಾತ್ರಿಯ ಒಂದು ಪಾಳಿ ವಾರ್ಡಿನಲ್ಲಿ ಕೂತು ಕೇಳಿಸಿಕೊಳ್ಳಿ. ಯಾರು ಯಾರಿಗೆ ಏನು ಹೇಳುತ್ತಾರೆ, ಯಾವುದು ಮಾತಿನಲ್ಲಿ, ಯಾವುದು ಬರಹದಲ್ಲಿ ಎಂದು ಬರೆದುಕೊಳ್ಳಿ. ಔಷಧಿ ಚಾರ್ಟಿನ ಪ್ರತಿ ಸಿಕ್ಕರೆ ಹೆಸರು ಅಳಿಸಿ ತನ್ನಿ, ಅದೇ ನಿಮ್ಮ ಪಠ್ಯ. ವಿದ್ಯಾರ್ಥಿಗಳನ್ನೇ ಕೇಳಿದರೆ ‘ಗ್ರಾಮರ್ ಬೇಕು’ ಎನ್ನುತ್ತಾರೆ. ಅವರ ಆಸೆಯನ್ನು ಕಡೆಗಣಿಸಬೇಡಿ, ಆದರೆ ಕೊರತೆ ಬೇರೆಡೆ ಇರುತ್ತದೆ.

‘ಎರಡು ದಿನದಿಂದ ಜ್ವರ’ ಎಂಬುದು ‘ಫೀವರ್ ಫ್ರಂ ಟೂ ಡೇಸ್’ ಆಗುತ್ತದೆ. ನಮ್ಮ ‘ಇಂದ’ ಪ್ರತ್ಯಯ ಅಲ್ಲಿ ನುಸುಳಿದೆ. ‘ಫಾರ್ ಟೂ ಡೇಸ್’ ಎಂದು ತಿದ್ದಿ. ಆದರೂ ಅರ್ಥ ಕೆಡಲಿಲ್ಲ. ‘ಫಿಫ್ಟೀನ್’ ಎಂದದ್ದು ‘ಫಿಫ್ಟಿ’ ಎಂದು ಕೇಳಿಸಿದರೆ ಮಾತ್ರ ಜೀವಕ್ಕೇ ಅಪಾಯ. ಹಾಗಾಗಿ ‘ಫಿಫ್ಟೀನ್, ಒನ್ ಫೈವ್’ ಎಂದು ಅಂಕಿ ಬಿಡಿಸಿ ಹೇಳುವುದನ್ನು, ಕೇಳಿದವರು ಮರಳಿ ಹೇಳುವುದನ್ನು ದಿನವೂ ಮಾಡಿಸಿ.

ಒಪ್ಪಿಸುವ ಮಾತಿಗೆ ಎಸ್‌ಬಿಎಆರ್ ಚೌಕಟ್ಟು ಸಾಕು: ಈಗಿನ ಸ್ಥಿತಿ (ಸಿಚುಯೇಶನ್), ಹಿನ್ನೆಲೆ (ಬ್ಯಾಕ್‌ಗ್ರೌಂಡ್), ಅಂದಾಜು (ಅಸೆಸ್‌ಮೆಂಟ್), ಮುಂದೇನು ಬೇಕು (ರೆಕಮೆಂಡೇಶನ್). ಇಬ್ಬಿಬ್ಬರನ್ನು ಕೂರಿಸಿ, ಒಬ್ಬ ರೋಗಿಗೆ ಎರಡೇ ನಿಮಿಷ ಕೊಡಿ. ಹೆಚ್ಚಿನವರು ಹಿನ್ನೆಲೆಯಲ್ಲೇ ಸಮಯ ಕಳೆದು ಕೊನೆಯ ಭಾಗವನ್ನು ಬಿಟ್ಟುಬಿಡುತ್ತಾರೆ. ಅರ್ಧದಷ್ಟು ಗಂಟೆಗಳನ್ನು ಇದಕ್ಕೇ ಇಡಿ.