10×10 ಚೌಕದಲ್ಲಿ ಎರಡು 1 ತಾಗದಂತೆ ಎಷ್ಟು ವಿಧದಲ್ಲಿ ತುಂಬಬಹುದು?

ಪ್ರತಿ ಮನೆಯಲ್ಲೂ 0 ಅಥವಾ 1 ಇರಬೇಕು, ಎರಡು 1 ಅಕ್ಕಪಕ್ಕವಾಗಲಿ ಮೇಲೆ-ಕೆಳಗಾಗಲಿ ಬರಬಾರದು. ಒಂದೊಂದೇ ಸಾಧ್ಯತೆ ಪರೀಕ್ಷಿಸುವ ನಿಮ್ಮ ಪ್ರೋಗ್ರಾಂ 5×5 ಆದಮೇಲೆ ಮುಂದೆ ಹೋಗುತ್ತಿಲ್ಲ ಅಂದಿರಿ. ಹೋಗುವುದು ಕಷ್ಟವೇ. 5×5ಕ್ಕೆ ಸುಮಾರು 3.35 ಕೋಟಿ ಸಾಧ್ಯತೆಗಳಿದ್ದರೆ, 6×6ಕ್ಕೆ 6,800 ಕೋಟಿ ದಾಟುತ್ತವೆ.

ಇಡೀ ಚೌಕವನ್ನು ನೆನಪಿಟ್ಟುಕೊಳ್ಳಬೇಡಿ. ಹೊಸ ಸಾಲಿಗೆ ಅಡ್ಡ ಬರುವುದು ಅದರ ಮೇಲಿನ ಒಂದು ಸಾಲು ಮಾತ್ರ, ಅಲ್ವಾ? ಅದಕ್ಕಿಂತ ಮೇಲೆ ಏನಿದ್ದರೂ, ಆ ಸಾಲಿನವರೆಗೆ ಎಷ್ಟು ದಾರಿಯಲ್ಲಿ ಬಂದೆವು ಅನ್ನುವ ಲೆಕ್ಕ ಸಾಕು.

ಪೆನ್ನು ಹಿಡಿದು 3×3 ಮಾಡಿ ನೋಡಿ. ಒಂದು ಸಾಲು ಐದೇ ರೀತಿ ಇರಬಹುದು: 000, 100, 010, 001, 101. ಮೊದಲ ಸಾಲಿಗೆ ಪ್ರತಿಯೊಂದರ ಲೆಕ್ಕ 1. ಎರಡನೇ ಸಾಲು 000 ಆದರೆ ಮೇಲೆ ಐದೂ ನಡೆಯುತ್ತವೆ, ಹಾಗಾಗಿ 5. 100 ಆದರೆ ಮೇಲೆ 000, 010, 001 ಮಾತ್ರ, ಅಂದರೆ 3. ಹೀಗೇ ಹೋದರೆ 5, 3, 4, 3, 2 ಸಿಗುತ್ತದೆ, ಒಟ್ಟು 17. ಮೂರನೇ ಸಾಲಿಗೆ ಅದೇ ಕೂಡಿಕೆ, ಆದರೆ ಈಗ ಈ ಹೊಸ ಲೆಕ್ಕಗಳ ಮೇಲೆ: 100ಕ್ಕೆ 5+4+3=12. ಪೂರ್ತಿ ಬರೆದರೆ 17, 12, 13, 12, 9. ಒಟ್ಟು 63. ಈ ಕೂಡಿಕೆಯನ್ನು ಒಮ್ಮೆ ಕೈಯಾರೆ ಮಾಡಿದರೆ ಮತ್ತೆ ಮರೆಯುವುದಿಲ್ಲ. ಇದಕ್ಕೆ ಟ್ರಾನ್ಸ್‌ಫರ್ ಮ್ಯಾಟ್ರಿಕ್ಸ್ ವಿಧಾನ ಅನ್ನುತ್ತಾರೆ.

10 ಅಗಲಕ್ಕೆ ಸರಿಯಾದ ಸಾಲುಗಳು ಬರೀ 144. (2, 3, 5, 8 ಅಂತ ಬೆಳೆಯುತ್ತವೆ, ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಸಿಗುವ ಫಿಬೊನಾಚಿ ಸಂಖ್ಯೆಗಳೇ.) ಒಂದರ ಕೆಳಗೆ ಒಂದು ಕೂರುವ ಜೋಡಿಗಳು 8,119. ಒಂಬತ್ತು ಸಲ ಕೂಡಿದರೆ ಮುಗಿಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. 11×11ರಿಂದ ಮಾತ್ರ ಉತ್ತರ ಪ್ರೋಗ್ರಾಂನ ಸಾಮಾನ್ಯ 64 ಬಿಟ್ ಪೂರ್ಣಾಂಕದಲ್ಲಿ ಹಿಡಿಸದು, ದೊಡ್ಡ ಪೂರ್ಣಾಂಕ ಬಳಸಿ.

n×n ಚೌಕಕ್ಕೆ ಒಂದು ಸೂತ್ರ ಇದೆಯಾ ಅಂತಲೂ ಕೇಳಿದ್ದೀರಿ. ಅಂಥದ್ದು ಯಾರಿಗೂ ಸಿಕ್ಕಿಲ್ಲ. ಚೌಕ ದೊಡ್ಡದಾದಂತೆ ಒಂದೊಂದು ಮನೆಯೂ ಎಣಿಕೆಯನ್ನು ಸುಮಾರು 1.503 ಪಟ್ಟು ಹೆಚ್ಚಿಸುತ್ತದೆ, ಆದರೆ ಆ 1.503 ಎಲ್ಲಿಂದ ಬಂತು ಅಂತ ಸರಳವಾಗಿ ಬರೆಯಲು ಆಗಿಲ್ಲ. ಸೋಜಿಗ ಅಂದರೆ, ಜೇನುಗೂಡಿನಂತೆ ಆರು ನೆರೆಯ ಮನೆಗಳಿರುವ ಜಾಲಕ್ಕೆ ಇಂಥದೇ ಸಂಖ್ಯೆಯ ನಿಖರ ಉತ್ತರವನ್ನು ಭೌತವಿಜ್ಞಾನಿ ರಾಡ್ನಿ ಬ್ಯಾಕ್ಸ್ಟರ್ 1980ರಲ್ಲಿ ಕೊಟ್ಟರು. ನೋಡಲು ಸುಲಭವಾದ ಚೌಕವೇ ಇನ್ನೂ ಬಗ್ಗಿಲ್ಲ!

ನಿಯಮ ಬದಲಾದರೆ, ಯಾವ ಸಾಲಿಗೆ ಯಾವುದು ಹೊಂದುತ್ತದೆ ಅನ್ನುವ ಪಟ್ಟಿ ಬದಲಿಸಿದರೆ ಆಯಿತು. ಮೂಲೆಗೂ ತಾಗಬಾರದು ಅಂದರೆ 3×3ಕ್ಕೆ 63ರ ಬದಲು 35 ಬರುತ್ತದೆ. ನಿಯಮ ಎರಡು ಸಾಲು ಮೇಲಕ್ಕೆ ಚಾಚಿದ್ದರೆ ಎರಡು ಸಾಲು ನೆನಪಿಡಿ. ಕೋಡ್ ಬರೆದ ಮೇಲೆ 4×4 ಓಡಿಸಿ, 1234 ಬರಬೇಕು.